ಕಾರ್ಬ್ಯುರೇಟರ್ ಬಿಚ್ಚುವ ಮುನ್ನ ಕಿಡಿಯ ಲೆಕ್ಕ

ಥ್ರಾಟಲ್ (ವೇಗ ಏರಿಸುವ ಹಿಡಿ) ಪೂರ್ತಿ ಬಿಟ್ಟ ಮೇಲೂ ಎಂಜಿನ್ನಿನ ವೇಗ ನಿಮಿಷಕ್ಕೆ 2000 ಸುತ್ತು, ಅಂದರೆ 2000 ಆರ್‌ಪಿಎಂ ಆಸುಪಾಸಿನಲ್ಲಿ ನಾಲ್ಕೈದು ಸೆಕೆಂಡು ತೂಗಾಡಿ, ಆಮೇಲೆ ಒಲ್ಲದ ಮನಸ್ಸಿನಿಂದ ಕೆಳಗಿಳಿಯುವ ಕಾಯಿಲೆಯೊಂದು ನನ್ನ ಹಳೆಯ ಬೈಕಿಗೆ ಅಂಟಿಕೊಂಡಿತ್ತು. ಆರು ವಾರಗಳ ಭಾನುವಾರಗಳೆಲ್ಲ ಅದರ ಬೆನ್ನು ಹತ್ತುವುದರಲ್ಲೇ ಮುಗಿದವು. ಮೊದಲ ಐದು ಭಾನುವಾರ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರುಗಳನ್ನು ಬಿಚ್ಚಿದೆ, ತೊಳೆದೆ, ಜೋಡಿಸಿದೆ, ಮತ್ತೆ ಬಿಚ್ಚಿದೆ. ಆರನೆಯ ಭಾನುವಾರ ತಿಳಿದದ್ದೇನೆಂದರೆ, ಈ ಕಾಯಿಲೆಯ ಮೂಲ ಕಾರ್ಬ್ಯುರೇಟರುಗಳಲ್ಲಿ ಇರಲೇ ಇಲ್ಲ. ಕಿಡಿ ಹಾರಿಸುವ ಇಗ್ನಿಷನ್ನಿನ ಒಳಗೆ ಬೆರಳ ತುದಿಯಲ್ಲಿ ಕೂರುವಷ್ಟು ಸಣ್ಣ ಎರಡು ಸ್ಪ್ರಿಂಗುಗಳಲ್ಲಿ ಇತ್ತು. ಹಳೆಯ ಮೆಕ್ಯಾನಿಕ್ಕುಗಳು ಕಾರ್ಬ್ಯುರೇಟರಿನ ತೊಂದರೆಗಳಲ್ಲಿ ಹೆಚ್ಚಿನವು ಕರೆಂಟಿನ ತೊಂದರೆಗಳೇ ಎಂದು ತಮಾಷೆ ಮಾಡುತ್ತಾರೆ. ಆ ಮಾತನ್ನು ನಾನೂ ಎಷ್ಟೋ ಸಲ ಬೇರೆಯವರಿಗೆ ಹೇಳಿದ್ದೇನೆ. ನನ್ನದೇ ಬೈಕಿನ ಮುಂದೆ ಕುಳಿತಾಗ ಮಾತ್ರ ಅದು ನೆನಪಾಗಲಿಲ್ಲ.

ಬೈಕು 1970ರ ಟ್ರಯಂಫ್ ಬಾನೆವಿಲ್ ಟಿ120. 649 ಸಿಸಿ ಸಾಮರ್ಥ್ಯದ, ಅಕ್ಕಪಕ್ಕ ನಿಂತ ಎರಡು ಸಿಲಿಂಡರುಗಳ ಎಂಜಿನ್. ಬೋರ್, ಅಂದರೆ ಸಿಲಿಂಡರಿನ ಅಗಲ, 71 ಮಿಲಿಮೀಟರ್; ಸ್ಟ್ರೋಕ್, ಅಂದರೆ ಪಿಸ್ಟನ್ನಿನ ಓಟ, 82 ಮಿಲಿಮೀಟರ್. ಎರಡು ಪಿಸ್ಟನ್ನುಗಳೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತವೆ, ಆದರೆ ಕಿಡಿ ಮಾತ್ರ ಒಂದು ಸುತ್ತಿಗೆ ಒಂದಕ್ಕೆ, ಇನ್ನೊಂದು ಸುತ್ತಿಗೆ ಮತ್ತೊಂದಕ್ಕೆ ಎಂದು ಸರದಿಯಲ್ಲಿ ಬೀಳುತ್ತದೆ. ಪ್ರತಿ ಸಿಲಿಂಡರಿಗೂ ತನ್ನದೇ ಆದ ಅಮಾಲ್ ಕಾನ್ಸೆಂಟ್ರಿಕ್ ಕಾರ್ಬ್ಯುರೇಟರ್, ತನ್ನದೇ ಪಾಯಿಂಟ್ಸ್ (ತೆರೆದುಕೊಂಡಾಗ ಕಿಡಿ ಹಾರಿಸುವ ಸ್ವಿಚ್ಚು), ತನ್ನದೇ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಸುರುಳಿ). ಅಂದರೆ ಒಂದೇ ಕ್ರ್ಯಾಂಕಿಗೆ (ಪಿಸ್ಟನ್ನುಗಳು ತಿರುಗಿಸುವ ದಂಡಕ್ಕೆ) ಕಟ್ಟಿದ ಎರಡು ಬೇರೆ ಬೇರೆ ಎಂಜಿನ್ನುಗಳು ಎಂದೇ ಇದನ್ನು ಭಾವಿಸಬಹುದು. ಈ ಇಬ್ಬರು ಒಂದೇ ಹೆಜ್ಜೆ ಹಾಕಿದರೆ ಬೈಕು ಹೂವಿನಂತೆ ಓಡುತ್ತದೆ. ಒಬ್ಬನು ಎಳೆದು ಇನ್ನೊಬ್ಬನು ಜೋತುಬಿದ್ದರೆ ಹ್ಯಾಂಡಲ್ ಹಿಡಿದ ಕೈಗಳು ಜೋಮು ಹಿಡಿಯುತ್ತವೆ.

ಕಿಡಿ ಮತ್ತು ಮಿಶ್ರಣ ಎರಡೂ ಒಂದರ ವೇಷವನ್ನು ಇನ್ನೊಂದು ಹಾಕಿಕೊಳ್ಳುವುದೇಕೆ ಎಂಬುದನ್ನು ಮೊದಲು ನೋಡಬೇಕು. ಸಿಲಿಂಡರಿನೊಳಗಿನ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವು ಕಿಡಿ ತಗುಲಿದ ಕೂಡಲೇ ಸಿಡಿಯುವುದಿಲ್ಲ. ಉರಿಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಲು ಸಮಯ ಬೇಕು, ಆ ಸಮಯವನ್ನು ಮಿಲಿಸೆಕೆಂಡುಗಳಲ್ಲಿ ಎಣಿಸಬಹುದು. 3000 ಆರ್‌ಪಿಎಂ ವೇಗದಲ್ಲಿ ಒಂದು ಮಿಲಿಸೆಕೆಂಡಿಗೆ ಕ್ರ್ಯಾಂಕ್ 18 ಡಿಗ್ರಿ ತಿರುಗಿಬಿಡುತ್ತದೆ, 6000ದಲ್ಲಿ 36 ಡಿಗ್ರಿ. ಒತ್ತಡವು ತನ್ನ ಗರಿಷ್ಠ ಮಟ್ಟವನ್ನು ಪಿಸ್ಟನ್ ತುತ್ತತುದಿಯನ್ನು ದಾಟಿ ಸ್ವಲ್ಪ ಇಳಿಯುವ ಹೊತ್ತಿಗೆ ಮುಟ್ಟಿದರೆ ಮಾತ್ರ ಆ ಒತ್ತಡ ಕೆಲಸಕ್ಕೆ ಬರುತ್ತದೆ. ಆದ್ದರಿಂದ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಹಾರಬೇಕು, ವೇಗ ಹೆಚ್ಚಿದಷ್ಟೂ ಇನ್ನೂ ಮೊದಲೇ ಹಾರಬೇಕು. ಇನ್ನು ಲೀನ್ ಮಿಶ್ರಣ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದ ಮಿಶ್ರಣ, ನಿಧಾನವಾಗಿ ಉರಿಯುತ್ತದೆ. ಹೀಗಾಗಿ ಲೀನ್ ಮಿಶ್ರಣಕ್ಕೆ ಸರಿಯಾದ ಹೊತ್ತಿಗೆ ಬಿದ್ದ ಕಿಡಿಯೂ, ಸರಿಯಾದ ಮಿಶ್ರಣಕ್ಕೆ ತಡವಾಗಿ ಬಿದ್ದ ಕಿಡಿಯೂ ಸವಾರನಿಗೆ ಹೆಚ್ಚುಕಡಿಮೆ ಒಂದೇ ರೀತಿ ಅನ್ನಿಸುತ್ತವೆ: ಎಂಜಿನ್ ವಿಪರೀತ ಕಾಯುತ್ತದೆ, ಪಿಕಪ್ ಸಾಯುತ್ತದೆ, ಎಕ್ಸಾಸ್ಟ್ ಪೈಪು ನೀಲಿಗಟ್ಟುತ್ತದೆ. ಲಕ್ಷಣ ಒಂದೇ, ರೋಗ ಎರಡು. ಇವುಗಳಲ್ಲಿ ಒಂದನ್ನು ಅಳತೆಯಿಂದ ಖಚಿತಪಡಿಸಿಕೊಳ್ಳದೆ ಇನ್ನೊಂದನ್ನು ಕಿವಿಯಿಂದ ಸರಿಪಡಿಸಲು ಹೋದರೆ ಎರಡೂ ಕೆಡುತ್ತವೆ. ಟೈಮಿಂಗನ್ನು, ಅಂದರೆ ಕಿಡಿ ಬೀಳುವ ಹೊತ್ತನ್ನು, ಕ್ರ್ಯಾಂಕಿನ ಡಿಗ್ರಿಗಳಲ್ಲಿ ಅಳೆಯಬಹುದು. ಮಿಶ್ರಣವನ್ನು, ಕನಿಷ್ಠ ನನ್ನಂಥವನ ಗ್ಯಾರೇಜಿನಲ್ಲಿ, ಕೇಳಿಸಿಕೊಂಡು ಊಹಿಸಬೇಕು. ಹಾಗಾಗಿ ಅಳೆಯಲು ಸಾಧ್ಯವಿರುವುದೇ ಮೊದಲು ಆಗಬೇಕು.

ಅದಕ್ಕೂ ಮೊದಲು ಟ್ಯಾಪೆಟ್, ಅಂದರೆ ವಾಲ್ವುಗಳ ಬಳಿ ಬಿಡಬೇಕಾದ ಸಂದು. ಎಂಜಿನ್ ತಣ್ಣಗಿರುವಾಗ ಇನ್‌ಲೆಟ್ 0.002 ಇಂಚು, ಎಕ್ಸಾಸ್ಟ್ 0.004 ಇಂಚು. ಇದರಲ್ಲಿ ಚರ್ಚಿಸುವುದೇನೂ ಇಲ್ಲ, ಮಾಡಿ ಮುಗಿಸಬೇಕು. ಎರಡೂ ಸಿಲಿಂಡರುಗಳ ಕಂಪ್ರೆಶನ್ (ಪಿಸ್ಟನ್ ಒತ್ತಿದಾಗ ಏಳುವ ಒತ್ತಡ) ಹತ್ತಿರ ಹತ್ತಿರ ಇದೆಯೇ ಎಂದೂ ನೋಡಿಬಿಡಬೇಕು. ಅದು ತೀರ ಬೇರೆಯಾಗಿದ್ದರೆ ಮುಂದಿನ ಯಾವ ಹೊಂದಾಣಿಕೆಗೂ ಅರ್ಥವಿರುವುದಿಲ್ಲ.

ಪಾಯಿಂಟ್ಸ್ ಗ್ಯಾಪನ್ನು ಟೈಮಿಂಗಿಗಿಂತ ಮುಂಚೆ ಹೊಂದಿಸಬೇಕು, ಏಕೆಂದರೆ ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಪಾಯಿಂಟ್ಸ್ ತೆರೆದುಕೊಳ್ಳುವ ಕ್ಷಣವೇ ಕಿಡಿಯ ಕ್ಷಣ. ಗ್ಯಾಪ್ ಹೆಚ್ಚಿದ್ದರೆ ಕ್ಯಾಮ್ (ತಿರುಗುತ್ತ ಪಾಯಿಂಟ್ಸನ್ನು ತಳ್ಳುವ ಉಬ್ಬು) ಅದನ್ನು ಬೇಗ ತೆರೆಯುತ್ತದೆ, ಕಡಿಮೆಯಿದ್ದರೆ ತಡವಾಗಿ ತೆರೆಯುತ್ತದೆ. ಕ್ಯಾಮಿನ ಮೇಲೆ ಉಜ್ಜುವ ಫೈಬರ್ ಹಿಮ್ಮಡಿ ಸವೆಯುತ್ತ ಹೋದಂತೆ ಗ್ಯಾಪ್ ತಾನಾಗಿ ಕಿರಿದಾಗಿ, ಯಾರೂ ಮುಟ್ಟದಿದ್ದರೂ ಟೈಮಿಂಗ್ ಹಿಂದೆ ಸರಿಯುತ್ತದೆ. ಕ್ಯಾಮಿಗೆ ತಾಗುವ ಫೆಲ್ಟಿಗೆ ಒಂದೆರಡು ಹನಿ ಎಣ್ಣೆ ಹಾಕುವುದನ್ನು ಮರೆತರೆ ಈ ಸವೆತ ಬೇಗನೆ ಆಗುತ್ತದೆ. ಗ್ಯಾಪಿನ ಅಳತೆ 0.015 ಇಂಚು, ಅಂದರೆ 0.38 ಮಿಲಿಮೀಟರ್. ಪಾಯಿಂಟ್ಸ್ ಮುಖದಲ್ಲಿ ಒಂದು ಕಡೆ ಗುಳಿ, ಇನ್ನೊಂದು ಕಡೆ ಗುಬುಟು ಎದ್ದಿದ್ದರೆ ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ಗುಬುಟಿನ ತುದಿಯನ್ನು ಅಳೆದು ಸುಳ್ಳು ಹೇಳುತ್ತದೆ. ಅಂಥದ್ದನ್ನು ಸಣ್ಣ ಅರದಿಂದ ಸಮ ಮಾಡುವ ಬದಲು ಬದಲಾಯಿಸುವುದೇ ಲೇಸು. ಹಾಗೆ ಬೇಗ ಬೇಗ ಗುಳಿ ಬೀಳುತ್ತಿದ್ದರೆ ಪಾಯಿಂಟ್ಸ್ ಮುಖ ಸುಡದಂತೆ ಕಾಯುವ ಕಂಡೆನ್ಸರಿನ ಮೇಲೆ ಅನುಮಾನ ಪಡಬೇಕು.

1968ರಿಂದ ಈ ಬೈಕುಗಳಿಗೆ ಬಂದ ಲೂಕಸ್ 6ಸಿಎ ಪಾಯಿಂಟ್ಸ್ ವ್ಯವಸ್ಥೆಯಲ್ಲಿ ಒಂದು ದೊಡ್ಡ ಉಪಕಾರವಿದೆ. ಅದಕ್ಕೆ ಮುಂಚಿನ 4ಸಿಎ ಮಾದರಿಯಲ್ಲಿ ಎರಡು ಜೊತೆ ಪಾಯಿಂಟುಗಳೂ ಒಂದೇ ತಟ್ಟೆಯ ಮೇಲೆ ಕೂತಿದ್ದವು. ಒಂದು ಸಿಲಿಂಡರಿನ ಟೈಮಿಂಗ್ ಸರಿ ಮಾಡಿದರೆ ಇನ್ನೊಂದರದು ಎಲ್ಲಿ ಬಿತ್ತೋ ಅಲ್ಲೇ, ಅದನ್ನು ಸರಿದೂಗಿಸಲು ಗ್ಯಾಪನ್ನೇ ಹೆಚ್ಚುಕಡಿಮೆ ಮಾಡಬೇಕಿತ್ತು. 6ಸಿಎಯಲ್ಲಿ ಪ್ರತಿ ಜೊತೆಗೂ ತನ್ನದೇ ಆದ ಚಿಕ್ಕ ತಟ್ಟೆಯಿದ್ದು, ಗ್ಯಾಪ್ ಬೇರೆ, ಟೈಮಿಂಗ್ ಬೇರೆಯಾಗಿ ಹೊಂದಿಸಬಹುದು. ಇವೆಲ್ಲ ಎಕ್ಸಾಸ್ಟ್ ಕ್ಯಾಮ್‌ಶಾಫ್ಟಿನ ತುದಿಯಲ್ಲಿ, ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವ ಕಡೆ ಕೂತಿರುವುದರಿಂದ ತಟ್ಟೆಯನ್ನು ಒಂದು ಡಿಗ್ರಿ ತಿರುಗಿಸಿದರೆ ಟೈಮಿಂಗ್ ಎರಡು ಡಿಗ್ರಿ ಬದಲಾಗುತ್ತದೆ. ಕೂದಲೆಳೆಯಷ್ಟು ಸರಿಸಿದೆ ಎಂದುಕೊಂಡದ್ದು ಲೆಕ್ಕದಲ್ಲಿ ಮೂರು ನಾಲ್ಕು ಡಿಗ್ರಿಯಾಗಿರುವುದು ಇದರಿಂದಲೇ.

ಈ ಎಂಜಿನ್ನಿಗೆ ಪೂರ್ತಿ ಅಡ್ವಾನ್ಸ್ ಆದಾಗ, ಅಂದರೆ ಕಿಡಿ ಅತಿ ಮುಂಚೆ ಹಾರುವ ಸ್ಥಿತಿಯಲ್ಲಿ, ಕಿಡಿ ಬೀಳಬೇಕಾದದ್ದು ಪಿಸ್ಟನ್ ತುದಿ ಮುಟ್ಟುವುದಕ್ಕೆ 38 ಡಿಗ್ರಿ ಮೊದಲು. ಆಗ ಪಿಸ್ಟನ್ ತುದಿಗಿಂತ ಸುಮಾರು ಹತ್ತೂವರೆ ಮಿಲಿಮೀಟರ್ ಕೆಳಗಿರುತ್ತದೆ. ಎಂಜಿನ್ ನಿಂತಿರುವಾಗಿನ, ಅಂದರೆ ಸ್ಟ್ಯಾಟಿಕ್ ಟೈಮಿಂಗ್ 14 ಡಿಗ್ರಿ. ಆಗ ಪಿಸ್ಟನ್ ತುದಿಯಿಂದ ಒಂದೂವರೆ ಮಿಲಿಮೀಟರ್ ಮಾತ್ರ ದೂರ. ನಡುವಿನ 24 ಡಿಗ್ರಿ ವ್ಯತ್ಯಾಸವನ್ನು ಕೊಡುವುದು ಪಾಯಿಂಟ್ಸ್ ತಟ್ಟೆಯ ಹಿಂದೆ ಅಡಗಿರುವ ಅಡ್ವಾನ್ಸ್ ಯೂನಿಟ್: ಎರಡು ಪುಟ್ಟ ತೂಕದ ತುಂಡುಗಳು ವೇಗ ಏರಿದಂತೆ ಹೊರಕ್ಕೆ ಚಾಚಿಕೊಂಡು ಕ್ಯಾಮನ್ನು 12 ಡಿಗ್ರಿ ಮುಂದಕ್ಕೆ ತಿರುಗಿಸುತ್ತವೆ, ಎರಡು ಸ್ಪ್ರಿಂಗುಗಳು ಅವನ್ನು ಒಳಕ್ಕೆ ಎಳೆಯುತ್ತಿರುತ್ತವೆ. ಕ್ಯಾಮಿನ 12 ಕ್ರ್ಯಾಂಕಿನ 24. ಯೂನಿಟ್ ಸವೆದಿದ್ದರೆ ಈ 24 ಡಿಗ್ರಿ 24 ಆಗಿರುವುದಿಲ್ಲ. ಹಾಗಾಗಿ 14 ಡಿಗ್ರಿಯಲ್ಲಿ ಹೊಂದಿಸಿ 38 ತಾನಾಗಿ ಬರುತ್ತದೆ ಎಂದು ನಂಬುವುದು ತಪ್ಪು. ಎಂಜಿನ್ ತನ್ನ ಜೀವಮಾನದ ಬಹುಪಾಲನ್ನು ಕಳೆಯುವುದು ಪೂರ್ತಿ ಅಡ್ವಾನ್ಸಿನಲ್ಲಿ, ಪಿಸ್ಟನ್ನಿಗೆ ತೂತು ಬೀಳುವ ಅಪಾಯವಿರುವುದೂ ಅಲ್ಲೇ; ಆದ್ದರಿಂದ ಸರಿಯಿರಬೇಕಾದ ಅಂಕಿ 38. ಕೆಳಗಿನ ಅಂಕಿಯಲ್ಲಿ ಒಂದೆರಡು ಡಿಗ್ರಿ ಆಚೀಚೆ ಆದರೆ ಆಗಲಿ.

ನಿಂತ ಎಂಜಿನ್ನಿನಲ್ಲಿ ಪೂರ್ತಿ ಅಡ್ವಾನ್ಸನ್ನು ಹೊಂದಿಸಲು ಒಂದು ಹಳೆಯ ಉಪಾಯವಿದೆ. ಅಡ್ವಾನ್ಸ್ ಯೂನಿಟನ್ನು ಹಿಡಿದಿರುವ ನಡುವಿನ ಬೋಲ್ಟ್ ಬಿಚ್ಚಿ, ಕ್ಯಾಮನ್ನು ಕೈಯಿಂದ ಪೂರ್ತಿ ಮುಂದಕ್ಕೆ ತಿರುಗಿಸಿ, ಕ್ಯಾಮಿನ ಮೇಲೇ ಒತ್ತಿ ಕೂರುವಂಥ ಇನ್ನೊಂದು ವಾಷರ್ ಹಾಕಿ ಬೋಲ್ಟನ್ನು ಬಿಗಿದರೆ ಯೂನಿಟ್ ಅಡ್ವಾನ್ಸ್ ಆದ ಸ್ಥಿತಿಯಲ್ಲೇ ಬೀಗ ಹಾಕಿದಂತೆ ನಿಲ್ಲುತ್ತದೆ. ಪ್ಲಗ್ಗುಗಳನ್ನು ತೆಗೆದು, ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ತಿರುಗಿಸುತ್ತ ಕ್ರ್ಯಾಂಕಿನ ತುದಿಯಲ್ಲಿ ತಿರುಗುವ ಆಲ್ಟರ್ನೇಟರ್ ರೋಟರಿನ 38 ಡಿಗ್ರಿಯ ಗೆರೆಯು ಅಲುಗದೆ ನಿಂತಿರುವ ಮುಳ್ಳಿನ ಎದುರು ಬರುವಂತೆ ತರಬೇಕು. ಗೆರೆ ದಾಟಿಹೋದರೆ ಅಲ್ಲಿಂದಲೇ ಹಿಂದಕ್ಕೆ ತಂದು ನಿಲ್ಲಿಸಬಾರದು. ಸಾಕಷ್ಟು ಹಿಂದೆ ಹೋಗಿ ಮತ್ತೆ ಮುಂದಕ್ಕೇ ಬರಬೇಕು, ಇಲ್ಲವಾದರೆ ಹಲ್ಲುಚಕ್ರಗಳ ನಡುವಿನ ಸಡಿಲ ಒಂದೆರಡು ಡಿಗ್ರಿಯ ಮೋಸ ಮಾಡುತ್ತದೆ. ಪಾಯಿಂಟ್ಸ್ ತಂತಿಗೂ ಫ್ರೇಮಿಗೂ ನಡುವೆ 12 ವೋಲ್ಟಿನ ಸಣ್ಣ ಬಲ್ಬು ಹಿಡಿದು ಇಗ್ನಿಷನ್ ಆನ್ ಮಾಡಿದರೆ ಪಾಯಿಂಟ್ಸ್ ತೆರೆದ ಕ್ಷಣ ಬಲ್ಬು ಹತ್ತುತ್ತದೆ. ಒಂದು ಸಿಲಿಂಡರಿಗೆ ಹೊಂದಿಸಿ ಬಿಗಿದು, ಕ್ರ್ಯಾಂಕನ್ನು ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ, ಇನ್ನೊಂದಕ್ಕೆ ಹೊಂದಿಸಬೇಕು.

ಕೆಲಸ ಮುಗಿದ ಮೇಲೆ ಆ ವಾಷರನ್ನು ತೆಗೆಯಬೇಕು. ಇದನ್ನು ಪ್ರತ್ಯೇಕ ಪ್ಯಾರಾದಲ್ಲಿ ಬರೆಯಲು ಕಾರಣವಿದೆ. ಒಮ್ಮೆ ನಾನು ಅದನ್ನು ಮರೆತು, 38 ಡಿಗ್ರಿಯಲ್ಲಿ ಬೀಗ ಹಾಕಿದ ಟೈಮಿಂಗಿನಲ್ಲೇ ಕಿಕ್ಕರ್ ಒದ್ದೆ. ಪಿಸ್ಟನ್ ಇನ್ನೂ ಹತ್ತು ಮಿಲಿಮೀಟರ್ ಏರಬೇಕಿರುವಾಗಲೇ ಉರಿ ಹೊತ್ತಿ, ನಾನು ಒದ್ದ ಶಕ್ತಿಗಿಂತ ಹೆಚ್ಚಿನ ಶಕ್ತಿಯಿಂದ ಅದು ನನ್ನನ್ನು ತಿರುಗಿ ಒದ್ದಿತು. ಹದಿನೈದು ದಿನ ಪಾದ ಊರಲು ಆಗಲಿಲ್ಲ.

ರೋಟರಿನ ಗೆರೆಯನ್ನು ಕಣ್ಣುಮುಚ್ಚಿ ನಂಬಬಾರದು ಎಂಬುದನ್ನೂ ಸೇರಿಸಬೇಕು. ಐವತ್ತು ವರ್ಷ ಹಳೆಯ ರೋಟರಿನ ನಡುವಿನ ಉಕ್ಕಿನ ಭಾಗ ಸಡಿಲಗೊಂಡು ಹೊರಗಿನ ಭಾಗ ಜಾರಿರಬಹುದು, ಅಥವಾ ಎಂದೋ ಯಾರೋ ಬೇರೆ ವರ್ಷದ ಬೈಕಿನ ರೋಟರನ್ನು ತಂದು ಹಾಕಿರಬಹುದು. ಒಮ್ಮೆಯಾದರೂ ಕ್ರ್ಯಾಂಕಿಗೆ ಡಿಗ್ರಿ ಗುರುತುಗಳ ತಟ್ಟೆಯನ್ನು, ಅಂದರೆ ಡಿಗ್ರಿ ಡಿಸ್ಕ್, ಕಟ್ಟಿ ತಾಳೆ ನೋಡಬೇಕು. ಪಿಸ್ಟನ್ ತುದಿಯನ್ನು ಕಂಡುಹಿಡಿಯಲು ಪ್ಲಗ್ಗಿನ ತೂತಿನಲ್ಲಿ ಕಡ್ಡಿಯಿಟ್ಟು ಕಣ್ಣಳತೆ ಮಾಡಿದರೆ ಸಾಲದು, ಏಕೆಂದರೆ ತುದಿಯಲ್ಲಿ ಪಿಸ್ಟನ್ ಹಲವು ಡಿಗ್ರಿಗಳ ಕಾಲ ಬಹುತೇಕ ಅಲುಗದೆ ನಿಂತಿರುತ್ತದೆ. ಪ್ಲಗ್ಗಿನ ಜಾಗಕ್ಕೆ ತಡೆಬೋಲ್ಟ್ ಹಾಕಿ, ಮುಂದಕ್ಕೆ ತಿರುಗಿಸಿದಾಗ ಪಿಸ್ಟನ್ ತಡೆಗೆ ತಾಗುವ ಡಿಗ್ರಿಯನ್ನೂ, ಹಿಂದಕ್ಕೆ ತಿರುಗಿಸಿದಾಗ ತಾಗುವ ಡಿಗ್ರಿಯನ್ನೂ ಗುರುತು ಹಾಕಿಕೊಂಡು ಎರಡರ ನಟ್ಟನಡುವೆ ತುದಿ ಎಂದು ಲೆಕ್ಕ ಹಾಕುವುದೇ ಸರಿಯಾದ ದಾರಿ. ನನ್ನ ರೋಟರಿನ ಗೆರೆ ಸರಿಯಾಗಿತ್ತು. ಡಿಸ್ಕ್ ಹೇಗೂ ಕಟ್ಟಿದ್ದರಿಂದ 14 ಡಿಗ್ರಿಯ ಜಾಗದಲ್ಲೂ ಬಿಳಿ ಬಣ್ಣದಿಂದ ಒಂದು ಗೆರೆ ಎಳೆದಿಟ್ಟೆ. ಆ ಹೊತ್ತಿಗೆ ಅದು ಸುಮ್ಮನೆ ಮಾಡಿದ ಕೆಲಸ. ಕೊನೆಗೆ ಕಳ್ಳನನ್ನು ಹಿಡಿದುಕೊಟ್ಟದ್ದು ಆ ಗೆರೆಯೇ.

ಆರನೆಯ ಭಾನುವಾರ ಪ್ರತಿ ಕಿಡಿಗೂ ಒಮ್ಮೆ ಮಿನುಗಿ, ತಿರುಗುವ ಗೆರೆಯನ್ನು ನಿಂತಂತೆ ತೋರಿಸುವ ಸ್ಟ್ರೋಬ್ ಲೈಟ್ ಹಚ್ಚಿದೆ. ಈ ಬೈಕಿನಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಫ್ರೇಮಿಗೆ ಸೇರಿರುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಲೈಟಿನ ಕೆಂಪು ಕ್ಲಿಪ್ಪನ್ನು ಬ್ಯಾಟರಿಯ ಪಾಸಿಟಿವ್‌ಗೇ ಹಾಕಬೇಕು. ಕಪ್ಪು ತಂತಿ ಎಂದರೆ ಫ್ರೇಮಿಗೆ ಎಂಬ ರೂಢಿಯಲ್ಲಿ ಕೈ ಹೋದರೆ ಲೈಟು ಸುಟ್ಟುಹೋಗಬಹುದು. 3000 ಆರ್‌ಪಿಎಂ ದಾಟಿಸಿ ನೋಡಿದರೆ 38ರ ಗೆರೆ ಮುಳ್ಳಿನ ಎದುರು ಕಲ್ಲಿನಂತೆ ನಿಂತಿತ್ತು. ಎರಡೂ ಸಿಲಿಂಡರಿನಲ್ಲಿ ಹಾಗೆಯೇ. ಇಲ್ಲಿಯವರೆಗೆ ನಾನು ಪ್ರತಿಸಲವೂ ಇಷ್ಟು ನೋಡಿ, ಟೈಮಿಂಗ್ ಸರಿಯಿದೆ ಎಂದು ತೀರ್ಮಾನಿಸಿ, ಲೈಟನ್ನು ಪೆಟ್ಟಿಗೆಗೆ ಹಾಕುತ್ತಿದ್ದೆ. ಈ ಸಲ ಬಿಳಿ ಗೆರೆಯ ಕುತೂಹಲದಿಂದ ವೇಗವನ್ನು ಐಡ್ಲಿಂಗಿಗೆ, ಅಂದರೆ ಥ್ರಾಟಲ್ ಬಿಟ್ಟಾಗಿನ ವೇಗಕ್ಕೆ, ಇಳಿಸಿಯೂ ನೋಡಿದೆ. 1000ಕ್ಕೆ ಹತ್ತಿರದಲ್ಲಿ ಬಿಳಿ ಗೆರೆ ಮುಳ್ಳಿನ ಬಳಿ ಬರಬೇಕಿತ್ತು. ಅದು ಬರಲೇ ಇಲ್ಲ; ಮುಳ್ಳಿನ ಎದುರು ಇದ್ದದ್ದು ಎರಡು ಗೆರೆಗಳ ನಡುವಿನ ಖಾಲಿ ಜಾಗ, ಅದೂ 38ರ ಗೆರೆಗೇ ಹೆಚ್ಚು ಹತ್ತಿರ. ಐಡ್ಲಿಂಗಿನಲ್ಲೇ ಟೈಮಿಂಗ್ ಮೂವತ್ತರ ಸಮೀಪ ನಿಂತಿತ್ತು.

ಅಡ್ವಾನ್ಸ್ ಯೂನಿಟನ್ನು ಹೊರತೆಗೆದು ನೋಡಿದಾಗ ಎರಡು ಸ್ಪ್ರಿಂಗುಗಳಲ್ಲಿ ಒಂದರ ಕೊಕ್ಕೆ ಅಗಲವಾಗಿ, ಇನ್ನೊಂದರ ಸುರುಳಿಗಳ ನಡುವೆ ಬೆಳಕು ಕಾಣುವಷ್ಟು ಹಿಗ್ಗಿ ಹೋಗಿತ್ತು. ತೂಕದ ತುಂಡುಗಳನ್ನು ಒಳಗೆ ಎಳೆದಿಡಲು ಅವಕ್ಕೆ ಬಲವಿರಲಿಲ್ಲ. ಇದರಿಂದ ಆಗುತ್ತಿದ್ದದ್ದು ಇಷ್ಟು: ಥ್ರಾಟಲ್ ಬಿಟ್ಟಾಗ ಕಿಡಿ 14ಕ್ಕೆ ಹಿಂದೆ ಸರಿದು ಎಂಜಿನ್ನಿನ ಶಕ್ತಿಯನ್ನು ಕುಗ್ಗಿಸಬೇಕಿತ್ತು, ಆಗ ವೇಗ ತಾನಾಗಿ ಇಳಿಯುತ್ತಿತ್ತು. ಸ್ಪ್ರಿಂಗ್ ಸೋತಿದ್ದರಿಂದ ಕಿಡಿ ಮುಂದೆಯೇ ಉಳಿದು, ಕಾರ್ಬ್ಯುರೇಟರ್ ಕೊಡುವ ಅಷ್ಟಿಷ್ಟು ಮಿಶ್ರಣದಿಂದಲೇ ಎಂಜಿನ್ ಹೆಚ್ಚು ಶಕ್ತಿ ಹಿಂಡಿಕೊಳ್ಳುತ್ತಿತ್ತು. ಶಕ್ತಿ ಹೆಚ್ಚಿದ್ದರಿಂದ ವೇಗ ಇಳಿಯುತ್ತಿರಲಿಲ್ಲ. ವೇಗ ಇಳಿಯದ್ದರಿಂದ ತೂಕಗಳು ಒಳಗೆ ಬರುತ್ತಿರಲಿಲ್ಲ. ಒಂದರ ಬಾಲವನ್ನು ಒಂದು ಕಚ್ಚಿಕೊಂಡ ಈ ಸುತ್ತು ಹೇಗೋ ತುಂಡಾಗುವವರೆಗೆ ನಾಲ್ಕೈದು ಸೆಕೆಂಡು ಬೇಕಾಗುತ್ತಿತ್ತು. ಲೀನ್ ಮಿಶ್ರಣವೂ, ಗಾಳಿ ಸೋರುವ ಜೋಡಣೆಯೂ ಇದೇ ಲಕ್ಷಣವನ್ನು ತೋರಿಸುತ್ತವೆ. ಹಾಗಾಗಿಯೇ ನಾನು ಐದು ವಾರ ಏರ್ ಸ್ಕ್ರೂಗಳನ್ನು ಒಳಕ್ಕೆ ತಿರುಗಿಸಿ ಮಿಶ್ರಣವನ್ನು ರಿಚ್, ಅಂದರೆ ಪೆಟ್ರೋಲ್ ಹೆಚ್ಚಿರುವಂತೆ, ಮಾಡುತ್ತ, ಪ್ಲಗ್ಗುಗಳನ್ನು ಮಸಿ ಮಾಡಿಕೊಂಡು, ಐಡ್ಲಿಂಗ್ ಇಳಿಸಲು ಥ್ರಾಟಲ್ ಪೂರ್ತಿ ಮುಚ್ಚದಂತೆ ತಡೆಯುವ ಸ್ಟಾಪ್ ಸ್ಕ್ರೂಗಳನ್ನು ಸಡಿಲಿಸುತ್ತ ಹೋದದ್ದು. ಹೊಸ ಸ್ಪ್ರಿಂಗುಗಳನ್ನು ಹಾಕಿ, ತೂಕಗಳು ತಿರುಗುವ ಮೊಳೆಗಳಿಗೆ ಒಂದೊಂದು ಹನಿ ಎಣ್ಣೆ ಬಿಟ್ಟು ಜೋಡಿಸಿದ ಮೇಲೆ ಬಿಳಿ ಗೆರೆ ಮುಳ್ಳಿನ ಬಳಿ ಬಂದು ನಿಂತಿತು. ಥ್ರಾಟಲ್ ಬಿಟ್ಟ ಕೂಡಲೇ ಎಂಜಿನ್ ಧೊಪ್ಪನೆ ಕೆಳಗಿಳಿದು ಆರಿಯೇ ಹೋಯಿತು, ಏಕೆಂದರೆ ಕಾರ್ಬ್ಯುರೇಟರುಗಳಲ್ಲಿ ನಾನು ಮಾಡಿಟ್ಟ ಐದು ವಾರಗಳ ಅನಾಹುತ ಹಾಗೇ ಉಳಿದಿತ್ತು.

ಆದ್ದರಿಂದ ಕಾರ್ಬ್ಯುರೇಟರುಗಳ ಕೆಲಸವನ್ನು ಹೊಸದಾಗಿ ಆರಂಭಿಸಬೇಕಾಯಿತು. ಅಮಾಲ್ ಎಂಬುದು 1927ರಲ್ಲಿ ಮೂರು ಕಾರ್ಬ್ಯುರೇಟರ್ ಕಂಪನಿಗಳು ಒಂದಾಗಿ ಹುಟ್ಟಿದ ಹೆಸರು. ಕಾನ್ಸೆಂಟ್ರಿಕ್ ಮಾದರಿಗೆ ಆ ಹೆಸರು ಬಂದದ್ದು ಪೆಟ್ರೋಲ್ ತುಂಬಿಡುವ ಫ್ಲೋಟಿನ ಬಟ್ಟಲು ಪಕ್ಕದಲ್ಲಿ ಜೋತುಬೀಳದೆ, ಪೆಟ್ರೋಲ್ ಹರಿಯುವ ಸಣ್ಣ ರಂಧ್ರವಾದ ಜೆಟ್ಟಿನ ಸುತ್ತಲೂ ಇರುವುದರಿಂದ; ಬೈಕು ವಾಲಿದರೂ ಜೆಟ್ಟಿನ ಬಳಿಯ ಪೆಟ್ರೋಲ್ ಮಟ್ಟ ಹೆಚ್ಚು ಬದಲಾಗುವುದಿಲ್ಲ. ಸರಳ, ಕೈಗೆ ಸಿಗುವ, ಆದರೆ ಒರಟುತನವನ್ನು ಸಹಿಸದ ವಸ್ತು. ಸಿಲಿಂಡರ್ ಹೆಡ್ಡಿಗೆ ಕೂರುವ ಫ್ಲ್ಯಾಂಜಿನ ನಟ್ಟುಗಳನ್ನು ಶಕ್ತಿ ಇದೆಯೆಂದು ಬಿಗಿದರೆ ಆ ಮೃದು ಲೋಹ ಬಿಲ್ಲಿನಂತೆ ಬಾಗಿ, ಒಳಗೆ ಮೇಲೆ ಕೆಳಗೆ ಸರಿದು ಗಾಳಿಯ ದಾರಿ ತೆರೆಯುವ ಸ್ಲೈಡ್ ಸಿಕ್ಕಿಕೊಳ್ಳುತ್ತದೆ, ನಡುವಿನಿಂದ ಗಾಳಿಯೂ ನುಸುಳುತ್ತದೆ. ಗಾಜಿನ ಮೇಲಿಟ್ಟ ಉಜ್ಜುಕಾಗದದ ಮೇಲೆ ಫ್ಲ್ಯಾಂಜನ್ನು ತಿಕ್ಕಿ ಸಮತಟ್ಟು ಮಾಡಿ, ಹೊಸ ಓರಿಂಗ್ ಹಾಕಿ, ರಬ್ಬರ್ ತುಸು ಅದುಮಿಕೊಳ್ಳುವಷ್ಟು ಮಾತ್ರ ಬಿಗಿದರೆ ಸಾಕು. ಏರ್ ಸ್ಕ್ರೂ ಮತ್ತು ಸ್ಟಾಪ್ ಸ್ಕ್ರೂಗಳ ಕುತ್ತಿಗೆಯಲ್ಲಿರುವ ಸಣ್ಣ ಓರಿಂಗುಗಳನ್ನೂ ಆಗಲೇ ಬದಲಾಯಿಸಬೇಕು. ಒಣಗಿದ ರಿಂಗಿನ ಪಕ್ಕದಿಂದ ಹೋಗುವ ಗಾಳಿ ಯಾವ ಸ್ಕ್ರೂವಿನ ಮಾತನ್ನೂ ಕೇಳುವುದಿಲ್ಲ. ಎರಡು ಇನ್‌ಲೆಟ್‌ಗಳನ್ನು ಜೋಡಿಸುವ ರಬ್ಬರ್ ಕೊಳವೆ ಇದ್ದರೆ ಅದನ್ನೂ ಬಗ್ಗಿಸಿ ಬಿರುಕು ಇದೆಯೇ ಎಂದು ನೋಡಬೇಕು.

ನಿಲ್ಲಿಸಿಟ್ಟ ಬೈಕಿನಲ್ಲಿ ಅತಿ ಹೆಚ್ಚು ಕಾಡುವುದು ಐಡ್ಲಿಂಗಿಗೆ ಪೆಟ್ರೋಲ್ ಕೊಡುವ ಪೈಲಟ್ ದಾರಿ. ಏರ್ ಸ್ಕ್ರೂವಿನ ತೂತಿನ ಆಳದಲ್ಲಿ 0.016 ಇಂಚು, ಅಂದರೆ ಸುಮಾರು 0.4 ಮಿಲಿಮೀಟರ್ ರಂಧ್ರವಿರುವ ಒಂದು ಬುಶ್ ಇರುತ್ತದೆ. ಅದನ್ನು ಬಿಚ್ಚಲು ಬರುವುದಿಲ್ಲ, ಹೊರಗಿನಿಂದ ಕಾಣುವುದೂ ಇಲ್ಲ. ತಿಂಗಳುಗಟ್ಟಲೆ ಬಟ್ಟಲಿನಲ್ಲಿ ಪೆಟ್ರೋಲ್ ಬಿಟ್ಟರೆ ಅದು ಅಂಟಾಗಿ ಮೊದಲು ಮುಚ್ಚುವುದು ಈ ರಂಧ್ರವನ್ನೇ. ಕ್ಲೀನರ್ ಸ್ಪ್ರೇ ಹೊಡೆದು ಇನ್ನೊಂದು ಕಡೆಯಿಂದ ಹೊರಬಂತು ಎಂದು ಸಮಾಧಾನ ಪಟ್ಟುಕೊಳ್ಳುವುದು ನಾನು ಹಲವು ಸಲ ಮಾಡಿದ ತಪ್ಪು. ಅರ್ಧ ಮುಚ್ಚಿದ ರಂಧ್ರದಿಂದಲೂ ಸ್ಪ್ರೇ ಹೊರಬರುತ್ತದೆ. 78ನೇ ನಂಬರಿನ ಡ್ರಿಲ್ ಬಿಟ್ ಸರಿಯಾಗಿ 0.016 ಇಂಚು ದಪ್ಪವಿರುತ್ತದೆ. ಅದನ್ನು ಉದ್ದನೆಯ ಸಣ್ಣ ಕೊಳವೆಗೆ ಸಿಕ್ಕಿಸಿ, ಬೆರಳಿನಿಂದ ಮಾತ್ರ ತಿರುಗಿಸುತ್ತ ಒಳಗೆ ಬಿಟ್ಟರೆ ರಂಧ್ರ ಸಿಕ್ಕಿದ್ದು ಕೈಗೇ ತಿಳಿಯುತ್ತದೆ. ಯಂತ್ರಕ್ಕೆ ಹಾಕಿ ತಿರುಗಿಸುವ ಯೋಚನೆಯನ್ನೂ ಮಾಡಬಾರದು. ಎಡಗಡೆಯ ಕಾರ್ಬ್ಯುರೇಟರಿನಿಂದ ಕಂದು ಬಣ್ಣದ ಪುಡಿ ಬಂತು, ಬಲಗಡೆಯದರಲ್ಲಿ ಏನೂ ಇರಲಿಲ್ಲ. ನಾನು ಇಷ್ಟು ದಿನ ಎಡಗಡೆಯ ಏರ್ ಸ್ಕ್ರೂವನ್ನು ಬಹುತೇಕ ಪೂರ್ತಿ ಮುಚ್ಚಿ ಓಡಿಸುತ್ತಿದ್ದುದರ ಗುಟ್ಟು ಅಲ್ಲಿಗೆ ಹೊರಬಿತ್ತು. ಸಾಮಾನ್ಯವಾಗಿ ಈ ಸ್ಕ್ರೂ ಪೂರ್ತಿ ಒಳಗಿನಿಂದ ಒಂದೂವರೆ ಸುತ್ತು ಹೊರಗೆ ಬಂದಾಗ ಎಂಜಿನ್ ಸರಿಯಾಗಿ ಓಡಬೇಕು. ಅದು ನಿಯಂತ್ರಿಸುವುದು ಗಾಳಿಯನ್ನು, ಪೆಟ್ರೋಲನ್ನಲ್ಲ. ಒಳಗೆ ತಿರುಗಿಸಿದರೆ ರಿಚ್, ಹೊರಗೆ ತಿರುಗಿಸಿದರೆ ಲೀನ್. ಅರ್ಧ ಸುತ್ತಿನೊಳಗೇ ಹಿತವಾದ ಜಾಗ ಸಿಕ್ಕರೆ ಪೆಟ್ರೋಲಿನ ದಾರಿ ಕಟ್ಟಿದೆ ಎಂದೂ, ಮೂರು ಸುತ್ತು ಹೊರಬಂದರೂ ಸಿಗದಿದ್ದರೆ ಎಲ್ಲಿಂದಲೋ ಪೆಟ್ರೋಲ್ ಹೆಚ್ಚಾಗಿ ಬರುತ್ತಿದೆ, ಬಹುಶಃ ಫ್ಲೋಟ್ ಮಟ್ಟ ಮೇಲಿದೆ ಎಂದೂ ಓದಿಕೊಳ್ಳಬಹುದು.

ಥ್ರಾಟಲ್ಲಿನ ಒಂದೊಂದು ಹಂತಕ್ಕೂ ಒಬ್ಬೊಬ್ಬ ಯಜಮಾನನಿರುತ್ತಾನೆ. ಮುಚ್ಚಿದ ಸ್ಥಿತಿಯಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಕೆಳಗಡೆ ಓರೆಯಾಗಿ ಕತ್ತರಿಸಿದ ಅಂಚು. ಕಾಲು ಭಾಗದಿಂದ ಮುಕ್ಕಾಲು ಭಾಗದವರೆಗೆ ಸ್ಲೈಡಿನಿಂದ ಇಳಿಬಿದ್ದ ಸೂಜಿ ಮತ್ತು ಅದು ಕೂರುವ ನೀಡಲ್ ಜೆಟ್. ಅದರಾಚೆಗೆ ಮೈನ್ ಜೆಟ್. ಈ ಗಡಿಗಳು ಗೋಡೆ ಕಟ್ಟಿದಂತಿಲ್ಲ, ಒಂದರೊಳಗೊಂದು ಬೆರೆಯುತ್ತವೆ. ಆದರೂ ಥ್ರಾಟಲ್ ಹಿಡಿಯ ಮೇಲೆ ಅಂಟುಪಟ್ಟಿಯಿಂದ ಈ ಗುರುತುಗಳನ್ನು ಹಾಕಿಕೊಂಡು ಓಡಿಸಿದರೆ, ಎಲ್ಲಿ ಎಡವುತ್ತದೆ ಎಂಬುದರಿಂದ ಯಾರನ್ನು ವಿಚಾರಿಸಬೇಕು ಎಂಬುದು ತಿಳಿಯುತ್ತದೆ. ನನ್ನ ಬೈಕಿನಲ್ಲಿರುವುದು 3ನೇ ನಂಬರಿನ ಸ್ಲೈಡ್, 0.106 ನೀಡಲ್ ಜೆಟ್, 190ರ ಮೈನ್ ಜೆಟ್. ಸ್ಲೈಡಿನ ನಂಬರು ಕತ್ತರಿಸಿದ ಅಂಚಿನ ಎತ್ತರವನ್ನು ಇಂಚಿನ ಹದಿನಾರನೇ ಭಾಗಗಳಲ್ಲಿ ಹೇಳುತ್ತದೆ, ಮೈನ್ ಜೆಟ್ಟಿನ ನಂಬರು ನಿಮಿಷಕ್ಕೆ ಅದರ ಮೂಲಕ ಹರಿಯುವ ಸಿಸಿಗಳನ್ನು. ಸ್ಲೈಡಿನ ನಂಬರು ಹೆಚ್ಚಿದರೆ ಲೀನ್, ಜೆಟ್ಟಿನ ನಂಬರು ಹೆಚ್ಚಿದರೆ ರಿಚ್. ಇದನ್ನು ತಲೆಕೆಳಗು ಮಾಡಿಕೊಂಡು ಬಿಡಿಭಾಗ ತರಿಸಿದವರಲ್ಲಿ ನಾನೂ ಒಬ್ಬ. ಸೂಜಿಯ ಕ್ಲಿಪ್ಪನ್ನು ಒಂದು ಗೆರೆ ಕೆಳಗಿಳಿಸಿದರೆ ಸೂಜಿ ಮೇಲೇರಿ ಮಧ್ಯದ ಓಟ ರಿಚ್ ಆಗುತ್ತದೆ. ಪೆಟ್ರೋಲಿನ ಜೊತೆ ಎಥನಾಲ್ ಬೆರೆಸುವ ಈ ಕಾಲದಲ್ಲಿ ಹೀಗೆ ಮಾಡಬೇಕಾದ ಸಂದರ್ಭ ಹೆಚ್ಚು: ಶುದ್ಧ ಪೆಟ್ರೋಲಿಗೆ ತೂಕದಲ್ಲಿ 14.7 ಪಾಲು ಗಾಳಿ ಸಾಕಾದರೆ ಎಥನಾಲಿಗೆ ಸುಮಾರು 9 ಪಾಲು ಸಾಕು, ಅಂದರೆ ಅದೇ ಜೆಟ್ಟಿನಿಂದ ಬೆರಕೆ ಇಂಧನ ಹರಿದಾಗ ಮಿಶ್ರಣ ಒಂದಿಷ್ಟು ಲೀನ್ ಆಗಿರುತ್ತದೆ.

ಇನ್ನು ಎರಡನ್ನೂ ಸಮಗೊಳಿಸುವ ಕೆಲಸ. ಮೊದಲು ಎಂಜಿನ್ ನಿಂತಿರುವಾಗ ಕೇಬಲ್. ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದರೂ ಸ್ವಲ್ಪ ಸಡಿಲ ಉಳಿದಿರಬೇಕು. ಏರ್ ಫಿಲ್ಟರ್ ತೆಗೆದು, ಎರಡು ಸ್ಲೈಡುಗಳ ಕೆಳಗೂ ಒಂದೇ ಅಳತೆಯ ಡ್ರಿಲ್ ಬಿಟ್ಟುಗಳ ಹಿಂಬದಿಯನ್ನು ಸಿಕ್ಕಿಸಿ, ಥ್ರಾಟಲನ್ನು ಕೂದಲೆಳೆಯಷ್ಟು ತಿರುಗಿಸಿದಾಗ ಎರಡೂ ಒಂದೇ ಕ್ಷಣದಲ್ಲಿ ಸಡಿಲವಾಗಿ ಬೀಳಬೇಕು. ಒಂದು ಮೊದಲು ಬಿದ್ದರೆ ಇನ್ನೊಂದರ ಕೇಬಲ್ ಅಡ್ಜಸ್ಟರನ್ನು ಮೇಲೆತ್ತಬೇಕು. ಗೇಜುಗಳಿದ್ದವರು ಇನ್‌ಲೆಟ್ ನಿರ್ವಾತವನ್ನು ಅಳೆಯಬಹುದು. ಎರಡೇ ಸಿಲಿಂಡರಿಗೆ ಡ್ರಿಲ್ ಬಿಟ್ಟಿನ ವಿಧಾನವೇ ನನಗೆ ಸಾಕೆನಿಸಿದೆ.

ಆಮೇಲೆ ಹತ್ತು ಕಿಲೋಮೀಟರ್ ಓಡಿಸಿ ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಒಂದೊಂದೇ ಸಿಲಿಂಡರಿನ ಸರದಿ. ಒಂದು ಪ್ಲಗ್ಗಿನ ಕ್ಯಾಪ್ ತೆಗೆದು, ಅದಕ್ಕೆ ಬೇರೊಂದು ಪ್ಲಗ್ ಸಿಕ್ಕಿಸಿ ಹೆಡ್ಡಿನ ಲೋಹಕ್ಕೆ ತಾಗುವಂತೆ ಇಡಬೇಕು. ಕಿಡಿಗೆ ದಾರಿ ಕೊಡದೆ ಗಾಳಿಯಲ್ಲಿ ಬಿಟ್ಟರೆ ಕಾಯಿಲ್ ಒಳಗೇ ಸುಟ್ಟುಕೊಳ್ಳಬಹುದು. ಉಳಿದ ಒಂದು ಸಿಲಿಂಡರಿನ ಸ್ಟಾಪ್ ಸ್ಕ್ರೂವನ್ನು, ಅಂದರೆ ಓರೆಯಾಗಿ ಮೇಲ್ಮುಖವಾಗಿರುವುದನ್ನು, ಎಂಜಿನ್ ಆರದೆ ನಡೆಯುವಷ್ಟು ಒಳಗೆ ತಿರುಗಿಸಿ, ಅಡ್ಡಲಾಗಿರುವ ಏರ್ ಸ್ಕ್ರೂವನ್ನು ಕಾಲು ಕಾಲು ಸುತ್ತಾಗಿ ಆಚೀಚೆ ಮಾಡುತ್ತ ಅತಿ ಹೆಚ್ಚು ವೇಗ ಬರುವ ಜಾಗವನ್ನು ಹುಡುಕಬೇಕು. ಪ್ರತಿ ಬದಲಾವಣೆಯ ನಂತರ ಐದಾರು ಸೆಕೆಂಡು ಕಾಯಬೇಕು. ವೇಗ ಏರಿದರೆ ಸ್ಟಾಪ್ ಸ್ಕ್ರೂ ಇಳಿಸಿ ಮತ್ತೆ ಏರ್ ಸ್ಕ್ರೂ. ಒಂದು ಸಿಲಿಂಡರಿನಲ್ಲಿ ಇನ್ನೇನು ಆರುತ್ತದೆ ಎನ್ನುವಷ್ಟು ಕಡಿಮೆ ವೇಗದಲ್ಲಿ ಒಂದೇ ಸಮನೆ ಬಡಿಯುವ ಸ್ಥಿತಿ ಬಂದಾಗ ಇನ್ನೊಂದಕ್ಕೆ ಹೋಗಿ ಅದೇ ಕೆಲಸ. ಕೊನೆಗೆ ಎರಡೂ ಕ್ಯಾಪ್ ಹಾಕಿದರೆ ಐಡ್ಲಿಂಗ್ ಜೋರಾಗಿರುತ್ತದೆ. ಎರಡೂ ಸ್ಟಾಪ್ ಸ್ಕ್ರೂಗಳನ್ನು ಸಮನಾಗಿ, ಎಣಿಸಿಕೊಂಡು, ಹೊರಕ್ಕೆ ತಿರುಗಿಸಿ 900 ಆಸುಪಾಸಿಗೆ ಇಳಿಸಬೇಕು. ಆಗ ಎರಡು ಸೈಲೆನ್ಸರುಗಳ ಹಿಂದೆ ಎರಡು ಅಂಗೈಗಳನ್ನು ಹಿಡಿದರೆ ಗಾಳಿಯ ಏಟು ಒಂದೇ ತೂಕದ್ದಾಗಿರಬೇಕು. ಇಷ್ಟೆಲ್ಲ ಆದ ಮೇಲೆ ಕೇಬಲನ್ನು ಮತ್ತೊಮ್ಮೆ ನೋಡಬೇಕು, ಏಕೆಂದರೆ ಸ್ಟಾಪ್ ಸ್ಕ್ರೂ ಬದಲಾದಾಗ ಸ್ಲೈಡುಗಳು ಕೂರುವ ಜಾಗವೂ ಬದಲಾಗಿರುತ್ತದೆ.

ರಸ್ತೆಯ ಪರೀಕ್ಷೆಯಲ್ಲಿ ಮೇಲಿನ ಹಂತಗಳು ತೊಂದರೆ ಕೊಡಲಿಲ್ಲ. ಪೂರ್ತಿ ಥ್ರಾಟಲ್ಲಿನಲ್ಲಿ ಹೋಗುತ್ತಿರುವಾಗ ಸ್ವಲ್ಪವೇ ಮುಚ್ಚಿದರೆ ಎಂಜಿನ್ ಇನ್ನೂ ಚುರುಕಾಗುವಂತಿದ್ದರೆ ಮೈನ್ ಜೆಟ್ ಚಿಕ್ಕದಾಯಿತೆಂದು ಅರ್ಥ, ನನ್ನದರಲ್ಲಿ ಹಾಗಾಗಲಿಲ್ಲ. ವಾಹನಗಳಿಲ್ಲದ ನೇರ ರಸ್ತೆಯಲ್ಲಿ ಪೂರ್ತಿ ಥ್ರಾಟಲ್ಲಿನಿಂದಲೇ ಎಂಜಿನ್ ಆರಿಸಿ, ಅದೇ ಕ್ಷಣ ಕ್ಲಚ್ ಹಿಡಿದು ನಿಲ್ಲಿಸಿ, ಪ್ಲಗ್ ತೆಗೆದು ಭೂತಗನ್ನಡಿಯಲ್ಲಿ ನೋಡಿದೆ. ಈಗಿನ ಪೆಟ್ರೋಲಿನಲ್ಲಿ ಹಳೆಯ ಕೈಪಿಡಿಗಳು ಹೇಳುವ ಚಾಕಲೇಟ್ ಬಣ್ಣ ಕಾಣುವುದು ಅಪರೂಪ. ಪಿಂಗಾಣಿಯ ತುದಿಯನ್ನಲ್ಲ, ಒಳಗೆ ಆಳದಲ್ಲಿ ಅದು ಲೋಹವನ್ನು ಸೇರುವಲ್ಲಿರುವ ತೆಳು ಕಪ್ಪು ಉಂಗುರವನ್ನು ನೋಡಬೇಕು. ಎರಡರಲ್ಲೂ ಅದು ಇತ್ತು, ಹೆಚ್ಚುಕಡಿಮೆ ಒಂದೇ ಅಗಲಕ್ಕೆ.

ಉಳಿದಿರುವುದು ಎಂಟನೇ ಒಂದು ಭಾಗ ದಾಟುವಲ್ಲಿ ಬಲಗಡೆಯ ಸಿಲಿಂಡರಿನ ಒಂದು ಸಣ್ಣ ಎಡವು. ಥ್ರಾಟಲನ್ನು ಮೆಲ್ಲಗೆ ತೆರೆದರೆ ಕಾಣುವುದಿಲ್ಲ, ತಟ್ಟನೆ ತೆರೆದರೆ ಕಾರ್ಬ್ಯುರೇಟರ್ ಒಮ್ಮೆ ಸೀನುತ್ತದೆ. ಸ್ಲೈಡನ್ನು ಬೆರಳಿನಿಂದ ಹಿಂದೆ ಮುಂದೆ ಅಲುಗಿಸಿದರೆ ಟಕ್ ಟಕ್ ಎಂದು ಸದ್ದಾಗುತ್ತದೆ. ದೇಹವೂ ಸ್ಲೈಡೂ ಒಂದೇ ಮೃದು ಲೋಹದ್ದಾಗಿರುವುದರಿಂದ ಇಷ್ಟು ವರ್ಷಗಳಲ್ಲಿ ಎರಡೂ ಪರಸ್ಪರ ತಿಂದುಕೊಂಡಿವೆ, ಆ ಸಂದಿನಿಂದ ಹೋಗುವ ಗಾಳಿಗೆ ಲೆಕ್ಕವಿಲ್ಲ. ಗಟ್ಟಿ ಲೇಪನ ಕೊಟ್ಟ ಅಲ್ಯುಮಿನಿಯಮ್ ಸ್ಲೈಡುಗಳನ್ನು ತರಿಸಲು ಹೇಳಿದ್ದೇನೆ. ಅವು ಬರುವವರೆಗೆ ಬಲಗಡೆಯ ಏರ್ ಸ್ಕ್ರೂ ಎಡಗಡೆಯದಕ್ಕಿಂತ ಕಾಲು ಸುತ್ತು ಒಳಗೇ ಇರುತ್ತದೆ, ಎಷ್ಟು ಒಳಗಿದೆ ಎಂಬುದನ್ನು ಈ ಸಲ ಬರೆದಿಟ್ಟುಕೊಂಡಿದ್ದೇನೆ.